ಬಿಳಿ ಅಂಗಿ, ಕಪ್ಪು ಬ್ಯಾಡ್ಜ್, ಎರಡು ವರ್ಷ: ಮಾರ್ಮನ್ ಮಿಷನರಿಗಳ ದಿನಚರಿ ಹೇಗಿರುತ್ತದೆ?

ಬೆಂಗಳೂರಿನಲ್ಲಿ ಮಾರ್ಮನ್ನರ ದೇವಾಲಯ ಕಟ್ಟುವುದಾಗಿ ಆ ಚರ್ಚಿನ ಅಧ್ಯಕ್ಷರು 2018ರ ಏಪ್ರಿಲ್‌ನಲ್ಲಿ ಘೋಷಿಸಿದರು. 2020ರ ಡಿಸೆಂಬರ್‌ನಲ್ಲಿ ನೆಲ ಅಗೆದು ಕೆಲಸ ಶುರುಮಾಡಿದರು. ಭಾರತಕ್ಕೆ ಅಂತ ಅವರು ಘೋಷಿಸಿದ ಮೊದಲ ದೇವಾಲಯ ಇದು. ಅಲ್ಲಿಂದ ಈಚೆಗೆ ನಮ್ಮಲ್ಲಿ ಅನೇಕರು ಕೇಳುತ್ತಿರುತ್ತಾರೆ: ಯಾರು ಈ ಮಾರ್ಮನ್ನರು? ಎದೆಯ ಮೇಲೆ ಕಪ್ಪು ಬ್ಯಾಡ್ಜ್ ಹಾಕಿಕೊಂಡು ಇಬ್ಬಿಬ್ಬರಾಗಿ ಓಡಾಡುವ ಹುಡುಗರು ಇವರೇನಾ?

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಹುಡುಗರು ಹೊಸಬರಲ್ಲ. ಬೆಲ್ ಆಗುತ್ತದೆ, ಬಾಗಿಲು ತೆಗೆದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೈ ಹಾಕಿದ ಇಬ್ಬರು ನಿಂತಿರುತ್ತಾರೆ. ನಮ್ಮ ಕಾಲೇಜು ಹುಡುಗರ ವಯಸ್ಸು. ಎರಡು ನಿಮಿಷ ಮಾತಾಡಿಸಿ ಕಳಿಸುತ್ತೇವೆ. ಅವರು ಎಲ್ಲಿಂದ ಬಂದರು, ರಾತ್ರಿ ಎಲ್ಲಿ ಮಲಗುತ್ತಾರೆ, ಊಟ ಯಾರು ಹಾಕುತ್ತಾರೆ, ಮನೆ ನೆನಪಾದರೆ ಏನು ಮಾಡುತ್ತಾರೆ ಅನ್ನುವುದೆಲ್ಲ ನಮಗೆ ಗೊತ್ತಾಗುವುದೇ ಇಲ್ಲ. ಈ ಲೇಖನ ಅದರ ಬಗ್ಗೆ. ಅವರ ನಂಬಿಕೆ ಸರಿಯೋ ತಪ್ಪೋ ಅನ್ನುವ ಚರ್ಚೆ ಇಲ್ಲಿಲ್ಲ. ಹದಿನೆಂಟು, ಹತ್ತೊಂಬತ್ತರ ಹುಡುಗನೊಬ್ಬ ಪರದೇಶದಲ್ಲಿ ಎರಡು ವರ್ಷ ಹೇಗೆ ಬದುಕುತ್ತಾನೆ ಅನ್ನುವುದಷ್ಟೇ ವಿಷಯ. ಉದಾಹರಣೆಗೆ ಜಪಾನನ್ನು ತೆಗೆದುಕೊಳ್ಳೋಣ. ಅಲ್ಲಿ ಈ ಕೆಲಸಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ, ಕಷ್ಟವೂ ಜಾಸ್ತಿ.

ಮೊದಲು, ಮಾರ್ಮನ್ ಅಂದರೆ ಯಾರು?

ಇದು ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಥ. ಜೋಸೆಫ್ ಸ್ಮಿತ್ ಎಂಬ ಯುವಕ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಇದನ್ನು ಸ್ಥಾಪಿಸಿದ. ಚರ್ಚಿನ ಪೂರ್ತಿ ಹೆಸರು 'ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್'. ಬೈಬಲ್ ಜೊತೆಗೆ 'ಬುಕ್ ಆಫ್ ಮಾರ್ಮನ್' ಎಂಬ ಇನ್ನೊಂದು ಗ್ರಂಥವನ್ನೂ ಇವರು ಪವಿತ್ರ ಅಂತ ನಂಬುತ್ತಾರೆ. ಮಾರ್ಮನ್ ಅನ್ನುವ ಅಡ್ಡಹೆಸರು ಬಂದದ್ದು ಅದರಿಂದ. ಆ ಹೆಸರು ಬಿಟ್ಟು ಪೂರ್ತಿ ಹೆಸರನ್ನೇ ಬಳಸಿ ಅಂತ 2018ರಲ್ಲಿ ಚರ್ಚಿನ ಅಧ್ಯಕ್ಷ ರಸೆಲ್ ನೆಲ್ಸನ್ ಕೇಳಿಕೊಂಡರು. ಆದರೂ ಜನರಿಗೆ ಥಟ್ಟನೆ ಗುರುತು ಸಿಗುವುದು ಹಳೆಯ ಹೆಸರಿನಿಂದಲೇ. ಹಾಗಾಗಿ ಇಲ್ಲಿ ಅದನ್ನೇ ಬಳಸಿದ್ದೇನೆ.

ಕೇಂದ್ರ ಕಚೇರಿ ಇರುವುದು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ. ಚರ್ಚ್ ಕೊಡುವ ಲೆಕ್ಕದ ಪ್ರಕಾರ ಜಗತ್ತಿನಾದ್ಯಂತ 1.7 ಕೋಟಿಗೂ ಹೆಚ್ಚು ಸದಸ್ಯರಿದ್ದಾರೆ. ಬೇರೆ ಬೇರೆ ದೇಶಗಳಲ್ಲಿ ಪ್ರಚಾರದ ಕೆಲಸ ಮಾಡುವ ಮಿಷನರಿಗಳೇ 70 ಸಾವಿರಕ್ಕೂ ಹೆಚ್ಚು. ಇವರಲ್ಲಿ ಬಹುಪಾಲು ಜನ ಇಪ್ಪತ್ತೈದು ದಾಟದ ಹುಡುಗ ಹುಡುಗಿಯರು.

ಯಾರು ಹೋಗುತ್ತಾರೆ? ಎಲ್ಲಿಗೆ ಅಂತ ಯಾರು ಹೇಳುತ್ತಾರೆ?

ಮಿಷನ್‌ಗೆ, ಅಂದರೆ ಈ ಪ್ರಚಾರದ ಸೇವೆಗೆ, ಹೋಗುವುದು ಹುಡುಗರ ಕರ್ತವ್ಯ ಅಂತ ಚರ್ಚ್ ಹೇಳುತ್ತದೆ. ಹುಡುಗಿಯರಿಗೆ ಅದು ಅವರ ಇಷ್ಟ. ಹುಡುಗರು 24 ತಿಂಗಳು, ಹುಡುಗಿಯರು 18 ತಿಂಗಳು ಸೇವೆ ಮಾಡಬೇಕು. ಮೊದಲು ಹುಡುಗರಿಗೆ 19, ಹುಡುಗಿಯರಿಗೆ 21 ವರ್ಷ ತುಂಬಿರಬೇಕಿತ್ತು. 2012ರ ಅಕ್ಟೋಬರ್‌ನಲ್ಲಿ ಅದನ್ನು 18 ಮತ್ತು 19ಕ್ಕೆ ಇಳಿಸಿದರು. ಆಗ ಸುಮಾರು 58 ಸಾವಿರ ಇದ್ದ ಮಿಷನರಿಗಳು ಎರಡೇ ವರ್ಷದಲ್ಲಿ 80 ಸಾವಿರ ದಾಟಿದರು. ಅದರಲ್ಲೂ ಹುಡುಗಿಯರ ಸಂಖ್ಯೆ ತುಂಬಾ ಏರಿತು. 2025ರ ನವೆಂಬರ್‌ನಲ್ಲಿ ಹುಡುಗಿಯರಿಗೂ 18 ವರ್ಷ ಸಾಕು ಅಂತ ಮಾಡಿದ್ದಾರೆ.

ಹೊರಗಿನವರಿಗೆ ಅಚ್ಚರಿಯಾಗುವ ಸಂಗತಿ ಇನ್ನೊಂದಿದೆ. ಎಲ್ಲಿಗೆ ಹೋಗಬೇಕು ಅನ್ನುವುದು ಅವರ ಆಯ್ಕೆಯಲ್ಲ. ಅರ್ಜಿ ಹಾಕಬೇಕು, ಡಾಕ್ಟರ್ ಮತ್ತು ಹಲ್ಲಿನ ಡಾಕ್ಟರ್ ಹತ್ತಿರ ತಪಾಸಣೆ ಮಾಡಿಸಬೇಕು. ಸ್ಥಳೀಯ ಸಭೆಯ ಬಿಷಪ್ ಕೂರಿಸಿಕೊಂಡು ಸಂದರ್ಶನ ಮಾಡುತ್ತಾರೆ. ಆಮೇಲೆ ಕಡತ ಸಾಲ್ಟ್ ಲೇಕ್ ಸಿಟಿಗೆ ಹೋಗುತ್ತದೆ. ಅಲ್ಲಿ ಅಪೋಸ್ತಲರು ಅಂತ ಕರೆಸಿಕೊಳ್ಳುವ ಹನ್ನೆರಡು ಹಿರಿಯರಿದ್ದಾರೆ. ಅವರಲ್ಲೊಬ್ಬರು ಹುಡುಗನ ಫೋಟೋ, ವಿವರ ನೋಡಿ, ಪ್ರಾರ್ಥನೆ ಮಾಡಿ ಜಾಗ ನಿಗದಿ ಮಾಡುತ್ತಾರೆ. ಬ್ರೆಜಿಲ್ ಆಗಬಹುದು, ಘಾನಾ ಆಗಬಹುದು, ಪಕ್ಕದ ರಾಜ್ಯವೇ ಆಗಬಹುದು. ಹಿಂದೆ ಇದು ದೊಡ್ಡದೊಂದು ಬಿಳಿ ಲಕೋಟೆಯಲ್ಲಿ ಅಂಚೆಯಲ್ಲಿ ಬರುತ್ತಿತ್ತು. 2018ರಿಂದ ಆನ್‌ಲೈನ್‌ನಲ್ಲಿ ಬರುತ್ತಿದೆ. ಈಗಲೂ ನೆಂಟರು, ಸ್ನೇಹಿತರನ್ನೆಲ್ಲ ಸೇರಿಸಿ ಎಲ್ಲರೆದುರು ಅದನ್ನು ಜೋರಾಗಿ ಓದುವ ರೂಢಿಯಿದೆ.

ಹೆಸರು ಹೋಗಿ 'ಎಲ್ಡರ್' ಬರುತ್ತದೆ

ಮಿಷನ್ ಶುರುವಾದ ದಿನದಿಂದ ಹುಡುಗನನ್ನು ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಯಾರೂ ಕರೆಯುವುದಿಲ್ಲ. 'ಎಲ್ಡರ್' ಅಂತ ಹೇಳಿ ಮುಂದೆ ಕುಟುಂಬದ ಹೆಸರು ಸೇರಿಸುತ್ತಾರೆ. ಹುಡುಗಿಯಾದರೆ 'ಸಿಸ್ಟರ್'. ಜೊತೆಯಲ್ಲೇ ಇರುವ ಗೆಳೆಯ ಕೂಡ ಹಾಗೇ ಕರೆಯಬೇಕು. ಜಪಾನಿನಲ್ಲಾದರೆ 'ಚೋರೋ', 'ಶಿಮಾಯ್' ಅನ್ನುತ್ತಾರೆ, ಬ್ಯಾಡ್ಜ್ ಕೂಡ ಜಪಾನಿ ಲಿಪಿಯಲ್ಲಿರುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳುವುದಕ್ಕೆ ನಮ್ಮಲ್ಲಿ ಅಯ್ಯಪ್ಪನ ಮಾಲೆ ಹಾಕಿಕೊಂಡವರನ್ನು ನೆನಪಿಸಿಕೊಳ್ಳಿ. ಮಾಲೆ ಹಾಕಿದ ಮೇಲೆ ಬ್ಯಾಂಕಿನ ಮ್ಯಾನೇಜರ್ ಆದರೂ ಅಷ್ಟೇ, ಆಟೋ ಓಡಿಸುವವರಾದರೂ ಅಷ್ಟೇ, ಎಲ್ಲರೂ 'ಸ್ವಾಮಿ'. ಬಟ್ಟೆಯ ಬಣ್ಣ ಬದಲಾಗುತ್ತದೆ. ಊಟ, ನಿದ್ದೆ, ಮಾತು ಎಲ್ಲಕ್ಕೂ ಒಂದು ಕಟ್ಟು ಬರುತ್ತದೆ. ಮಂಡಲ ಮುಗಿದು ಮಾಲೆ ತೆಗೆದ ಮೇಲೆ ಮತ್ತೆ ಮೊದಲಿನ ಮನುಷ್ಯ. ಮಾರ್ಮನ್ ಮಿಷನ್ ಕೂಡ ಹಾಗೆ ಹಾಕಿಕೊಂಡು ಒಂದು ದಿನ ತೆಗೆದಿಡುವಂಥದ್ದು. ಇವರು ಜೀವನಪೂರ್ತಿ ಪಾದ್ರಿಗಳಾಗಿ ಉಳಿಯುವವರಲ್ಲ. ವ್ಯತ್ಯಾಸ ಏನೆಂದರೆ ಇಲ್ಲಿ ವ್ರತ ಎರಡು ವರ್ಷದ್ದು, ಊರು ಬಿಟ್ಟು ಮಾಡಬೇಕು, ಮತ್ತು ದಿನದ ಬಹುಭಾಗ ಗುರುತಿಲ್ಲದವರ ಹತ್ತಿರ ಹೋಗಿ ತಮ್ಮ ನಂಬಿಕೆಯ ಬಗ್ಗೆ ಮಾತಾಡಬೇಕು.

ಕಟ್ಟುಪಾಡುಗಳ ಪಟ್ಟಿ ಉದ್ದವಿದೆ. ಪ್ರೀತಿ ಪ್ರೇಮ ಅಂತ ಯಾರ ಹಿಂದೆಯೂ ಹೋಗುವಂತಿಲ್ಲ. ಮನರಂಜನೆಗೆ ಅಂತ ಸಿನಿಮಾ, ಟಿವಿ, ಗೇಮ್ ಇಲ್ಲ. ಈಜುವಂತಿಲ್ಲ. ಫೋನ್ ಇರುತ್ತದೆ, ಆದರೆ ಅದು ಕೆಲಸಕ್ಕೆ, ಫಿಲ್ಟರ್ ಹಾಕಿ ಕೊಟ್ಟದ್ದು. ಮದ್ಯ, ಸಿಗರೇಟು, ಕಾಫಿ, ಟೀ ಇವರ ಧರ್ಮದಲ್ಲೇ ನಿಷಿದ್ಧ. ಆ ನಿಯಮ 1833ರಷ್ಟು ಹಳೆಯದು, ಮಿಷನರಿಗಳಿಗಷ್ಟೇ ಅಲ್ಲ, ಎಲ್ಲ ಸದಸ್ಯರಿಗೂ ಅನ್ವಯಿಸುತ್ತದೆ.

ಪ್ರೋವೋದ ತರಬೇತಿ

ಜಪಾನಿಗೆ ನೇಮಕವಾದ ಅಮೆರಿಕದ ಹುಡುಗ ಮೊದಲು ಹೋಗುವುದು ಯೂಟಾದ ಪ್ರೋವೋ ಊರಿನ ತರಬೇತಿ ಕೇಂದ್ರಕ್ಕೆ. ಅಲ್ಲಿ 50ಕ್ಕೂ ಹೆಚ್ಚು ಭಾಷೆ ಕಲಿಸುತ್ತಾರೆ. ಬ್ರೆಜಿಲ್, ಮೆಕ್ಸಿಕೋ, ಫಿಲಿಪ್ಪೀನ್ಸ್, ಘಾನಾಗಳಲ್ಲೂ ಇಂಥ ಕೇಂದ್ರಗಳಿವೆ. ತನ್ನ ಭಾಷೆಯಲ್ಲೇ ಸೇವೆ ಮಾಡುವವನಿಗೆ ಕೆಲವೇ ವಾರಗಳ ತರಬೇತಿ. ಜಪಾನಿಯಂಥ ಭಾಷೆಗೆ ಸುಮಾರು ಒಂಬತ್ತು ವಾರ. ಕೋವಿಡ್ ನಂತರ ಇದರ ಶುರುವಿನ ಭಾಗ ಮನೆಯಿಂದಲೇ ಆನ್‌ಲೈನ್‌ನಲ್ಲಿ ನಡೆಯುತ್ತದೆ.

ಕಲಿಸುವ ರೀತಿ ಗಮನಿಸುವಂಥದ್ದು. ಮೊದಲ ದಿನಗಳಲ್ಲೇ ಮುರುಕು ಭಾಷೆಯಲ್ಲಿ ಪ್ರಾರ್ಥನೆ ಮಾಡಿಸುತ್ತಾರೆ, ಪಾಠ ಹೇಳಿಸುತ್ತಾರೆ. ವ್ಯಾಕರಣ ಪೂರ್ತಿ ಕಲಿತ ಮೇಲೆ ಮಾತಾಡೋಣ ಅನ್ನುವ ಮಾತೇ ಇಲ್ಲ. ಕಲಿಸುವವರಲ್ಲಿ ಬಹಳಷ್ಟು ಜನ ಅದೇ ದೇಶದಲ್ಲಿ ಮಿಷನ್ ಮುಗಿಸಿ ಬಂದು, ಈಗ ಪಕ್ಕದ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ವಿದ್ಯಾರ್ಥಿಗಳು. ಇಷ್ಟಾದರೂ ಜಪಾನಿನಲ್ಲಿ ವಿಮಾನ ಇಳಿದಾಗ ಏನೂ ಅರ್ಥವಾಗುವುದಿಲ್ಲ ಅಂತ ಹೋಗಿ ಬಂದವರು ಹೇಳುತ್ತಾರೆ. ತರಗತಿಯಲ್ಲಿ ಕಲಿತದ್ದು ಪ್ರಾರ್ಥನೆ, ಪಾಪ, ಪ್ರವಾದಿ ಇಂಥ ಪದಗಳು. ಇಲ್ಲಿ ಅಂಗಡಿಯವನು ಕೇಳುತ್ತಿರುವುದು ಕವರ್ ಬೇಕಾ ಅಂತ.

ಜಪಾನಿನಲ್ಲಿ ಒಂದು ದಿನ

ಬೆಳಗ್ಗೆ ಆರೂವರೆಗೆ ಏಳಬೇಕು. ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಹೆಚ್ಚೂಕಡಿಮೆ ಇದೇ ವೇಳಾಪಟ್ಟಿ. ಊರಿಗೆ ತಕ್ಕಂತೆ ಸ್ವಲ್ಪ ಹಿಂದೆ ಮುಂದೆ ಮಾಡಿಕೊಳ್ಳಬಹುದು ಅಂತ 2017ರಲ್ಲಿ ಸಡಿಲಿಸಿದ್ದಾರೆ.

ವಾಸ ಒಂದು ಪುಟ್ಟ ಅಪಾರ್ಟ್‌ಮೆಂಟಿನಲ್ಲಿ. ಇಬ್ಬರೇ ಇರಬಹುದು, ಕೆಲವು ಕಡೆ ನಾಲ್ವರು. ಬಾಗಿಲ ಬಳಿ ಶೂ ಬಿಡುವ ಜಾಗ, ಅಲ್ಲೇ ಎರಡು ಸೈಕಲ್ ಹೆಲ್ಮೆಟ್. ಗೋಡೆಗೆ ತಾಗಿಸಿ ಎರಡು ಮೇಜು. ಅದರ ಮೇಲೆ ಕಾಂಜಿ ಎಂಬ ಜಪಾನಿ ಅಕ್ಷರಗಳನ್ನು ಬರೆದುಕೊಂಡ ಸಣ್ಣ ಸಣ್ಣ ಕಾರ್ಡುಗಳ ಕಟ್ಟು. ನೆಲದ ಮೇಲೆ ಹಾಸಿದ್ದ ಫುತೋನ್ ಹಾಸಿಗೆಯನ್ನು ಎದ್ದ ತಕ್ಷಣ ಮಡಚಿಡಬೇಕು, ಇಲ್ಲದಿದ್ದರೆ ನಡೆಯುವುದಕ್ಕೆ ಜಾಗವಿರುವುದಿಲ್ಲ. ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಅಡುಗೆ ಇವರದೇ. ಮನೆಯಲ್ಲಿ ಒಂದು ಮೊಟ್ಟೆಯನ್ನೂ ಬೇಯಿಸದ ಹುಡುಗ ಇಲ್ಲಿ ಅನ್ನ ಮಾಡುವುದನ್ನು ಕಲಿಯುತ್ತಾನೆ.

ಎಂಟು ಗಂಟೆಗೆ ಓದು. ಒಂದು ಗಂಟೆ ಒಬ್ಬೊಬ್ಬರೇ ಧರ್ಮಗ್ರಂಥ ಓದುತ್ತಾರೆ. ಆಮೇಲೆ ಇಬ್ಬರೂ ಕೂತು, ಇವತ್ತು ಯಾರನ್ನು ನೋಡಬೇಕು, ಅವರಿಗೆ ಏನು ಹೇಳಬೇಕು ಅಂತ ಯೋಚಿಸುತ್ತಾರೆ. ಒಬ್ಬ ಆ ಮನೆಯವನಾಗಿ, ಇನ್ನೊಬ್ಬ ಮಿಷನರಿಯಾಗಿ ಅಭ್ಯಾಸ ಮಾಡುವುದೂ ಉಂಟು. ಭಾಷೆ ಕಲಿಯುವುದಕ್ಕೆ ಬೇರೆಯೇ ಸಮಯವಿದೆ. ಜಪಾನಿಯಲ್ಲಿ ಮೂರು ಬಗೆಯ ಲಿಪಿಗಳು, ಅದರ ಮೇಲೆ ಗೌರವದ ಮಾತಿನ ಹಲವು ಮಟ್ಟಗಳು. ವಯಸ್ಸಾದವರ ಹತ್ತಿರ ಗೆಳೆಯನ ಹತ್ತಿರ ಮಾತಾಡಿದ ಹಾಗೆ ಮಾತಾಡಿದರೆ ತಪ್ಪಾಗುತ್ತದೆ.

ಹತ್ತರ ಹೊತ್ತಿಗೆ ಮನೆ ಬಿಡಬೇಕು. ಜಪಾನಿನ ಬಹಳಷ್ಟು ಊರುಗಳಲ್ಲಿ ಮಿಷನರಿಗಳು ಓಡಾಡುವುದು ಸೈಕಲ್ ಮೇಲೆ. ಜುಲೈ ಆಗಸ್ಟ್‌ನ ಸೆಕೆಯಲ್ಲಿ ಹತ್ತು ನಿಮಿಷಕ್ಕೇ ಅಂಗಿ ಬೆನ್ನಿಗೆ ಅಂಟುತ್ತದೆ. ಮಳೆಯಲ್ಲಿ ಪ್ಯಾಂಟಿನ ಮೇಲೆ ರೇನ್‌ಕೋಟು. ಉತ್ತರದ ಹೊಕ್ಕೈಡೋದಲ್ಲಾದರೆ ಚಳಿಗಾಲದ ಹಿಮದಲ್ಲಿ ನಡೆದೇ ಹೋಗುವ ದಿನಗಳು ಬರುತ್ತವೆ.

ಬಾಗಿಲು ತಟ್ಟುವುದು ಅಂದೆವಲ್ಲ, ಜಪಾನಿನಲ್ಲಿ ಬಾಗಿಲು ತೆರೆಯುವುದೇ ಅಪರೂಪ. ಗೇಟಿನ ಪಕ್ಕ ಇಂಟರ್‌ಕಾಮ್ ಇರುತ್ತದೆ. ಗುಂಡಿ ಒತ್ತಿದರೆ ಒಳಗಿನವರು ಕ್ಯಾಮೆರಾದಲ್ಲಿ ಇವರನ್ನು ನೋಡುತ್ತಾರೆ, ಇವರಿಗೆ ಅವರು ಕಾಣುವುದಿಲ್ಲ. ಗೋಡೆಯಲ್ಲಿರುವ ಬೆರಳಗಲದ ಸ್ಪೀಕರಿಗೆ ತಲೆಬಾಗಿ, ಕಲಿತ ಎರಡು ವಾಕ್ಯ ಹೇಳಬೇಕು. ಒಳಗಿಂದ ಬಹಳ ಮರ್ಯಾದೆಯಿಂದ 'ಬೇಡ' ಅನ್ನುವ ಉತ್ತರ ಬರುತ್ತದೆ, ಕ್ಲಿಕ್ ಅಂತ ಶಬ್ದವಾಗಿ ಸಂಪರ್ಕ ಕಡಿಯುತ್ತದೆ. ಮುಂದಿನ ಮನೆ. ಮತ್ತೆ ಅದೇ. ಇಡೀ ಬೀದಿ ಹೀಗೇ ಮುಗಿದುಹೋಗಬಹುದು. ಬೈಗುಳ ಕಡಿಮೆ, ಆದರೆ ಮುಖವೇ ಕಾಣದ ನಿರಾಕರಣೆ ಇದು. ಹದಿಹರೆಯ ಈಗಷ್ಟೇ ದಾಟುತ್ತಿರುವ ಮನಸ್ಸಿಗೆ ಇದು ಎಷ್ಟು ಭಾರ ಅನ್ನುವುದನ್ನು ಯೋಚಿಸಿದರೆ ನನಗೆ ಕರುಳು ಚುರುಕ್ ಅನ್ನುತ್ತದೆ.

ಹಾಗಾಗಿ ಈಗ ಬಾಗಿಲಿಗಿಂತ ಬೇರೆ ದಾರಿಗಳೇ ಜಾಸ್ತಿ. ರೈಲು ನಿಲ್ದಾಣದ ಹತ್ತಿರ ಜನರನ್ನು ಮಾತಾಡಿಸುತ್ತಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂಲಕ ಪರಿಚಯ ಮಾಡಿಕೊಳ್ಳುತ್ತಾರೆ. ಸ್ಥಳೀಯ ಸದಸ್ಯರು ತಮ್ಮ ಗೆಳೆಯರನ್ನು ಪರಿಚಯಿಸಿದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಜಪಾನಿನಲ್ಲಿ ಇನ್ನೊಂದು ಹಳೆಯ ದಾರಿಯಿದೆ: ಉಚಿತ ಇಂಗ್ಲಿಷ್ ಮಾತುಕತೆ ತರಗತಿ. ಇದಕ್ಕೆ 'ಏಕೈವ' ಅನ್ನುತ್ತಾರೆ. ಚರ್ಚಿನ ಕೋಣೆಯಲ್ಲಿ ವಾರಕ್ಕೊಮ್ಮೆ ನಡೆಯುತ್ತದೆ. ನಿವೃತ್ತರು, ಗೃಹಿಣಿಯರು, ಶಾಲೆಯ ಮಕ್ಕಳು ಬರುತ್ತಾರೆ. ಬಹಳ ಜನಕ್ಕೆ ಬೇಕಿರುವುದು ಇಂಗ್ಲಿಷ್ ಅಷ್ಟೇ, ಧರ್ಮ ಅಲ್ಲ. ಅದು ಮಿಷನರಿಗಳಿಗೂ ಗೊತ್ತು.

ಯಾರಾದರೂ ಮನೆಗೆ ಕರೆದರೆ ಇನ್ನೊಂದು ಪೇಚು. ಜಪಾನಿನಲ್ಲಿ ಅತಿಥಿಗೆ ಮೊದಲು ಕೊಡುವುದು ಗ್ರೀನ್ ಟೀ. ಅದನ್ನು ಇವರು ಕುಡಿಯುವಂತಿಲ್ಲ. ಕೊಟ್ಟದ್ದನ್ನು ಬೇಡ ಅಂದರೆ ಅವಮಾನ ಮಾಡಿದ ಹಾಗೆ ಆಗಬಾರದಲ್ಲ. ಅದಕ್ಕೇ ಹೊಸಬರಿಗೆ ಮೊದಲ ವಾರವೇ ಹೇಳಿಕೊಡುವ ವಿಷಯ ಇದು: ಹೇಗೆ ನಯವಾಗಿ ಬೇಡ ಅನ್ನುವುದು, ಬದಲಿಗೆ ಏನು ಕೇಳುವುದು. ಹುರಿದ ಬಾರ್ಲಿಯಿಂದ ಮಾಡುವ ಮುಗಿಚಾ ಕುಡಿಯಬಹುದು, ಅದರಲ್ಲಿ ಚಹಾದೆಲೆ ಇರುವುದಿಲ್ಲ. ಬೇಸಿಗೆಯಲ್ಲಿ ಫ್ರಿಜ್ಜಿನಲ್ಲಿಟ್ಟ ತಣ್ಣನೆಯ ಮುಗಿಚಾ ಮಿಷನರಿಗಳ ಜೀವ ಉಳಿಸುತ್ತದೆ ಅಂದರೂ ತಪ್ಪಿಲ್ಲ.

ಮಧ್ಯಾಹ್ನದ ಊಟ ಮನೆಯಲ್ಲೋ, ಕೊನ್ಬಿನಿ ಅನ್ನುವ ಸಣ್ಣ ಅಂಗಡಿಯ ಅನ್ನದುಂಡೆಯಲ್ಲೋ ಮುಗಿಯುತ್ತದೆ. ಸಂಜೆಯೇ ಹೆಚ್ಚು ಕೆಲಸ, ಜನ ಮನೆಗೆ ಬರುವ ಹೊತ್ತು ಅಲ್ವಾ? ರಾತ್ರಿ ಒಂಬತ್ತಕ್ಕೆ, ಪಾಠ ನಡೆಯುತ್ತಿದ್ದರೆ ಒಂಬತ್ತೂವರೆಗೆ, ವಾಪಸ್ ಬರಬೇಕು. ನಾಳೆಯ ಕೆಲಸ ಬರೆದುಕೊಂಡು ಹತ್ತೂವರೆಗೆ ದೀಪ ಆರಿಸಬೇಕು.

ಎರಡು ವರ್ಷ ಒಂಟಿಯಾಗಿ ಇರುವಂತಿಲ್ಲ

ಬಾಗಿಲು ತಟ್ಟುವುದೇ ಈ ಬದುಕಿನ ಕಷ್ಟದ ಭಾಗ ಅಂತ ನಾವು ಹೊರಗಿನಿಂದ ಅಂದುಕೊಳ್ಳುತ್ತೇವೆ. ಹೋಗಿ ಬಂದವರು ಹೇಳುವುದನ್ನು ಕೇಳುತ್ತಾ ಹೋದರೆ ನನಗೆ ಅನ್ನಿಸುವುದು ಬೇರೆ. ನಿಜವಾದ ಪರೀಕ್ಷೆ ಜೊತೆಗಾರ.

ಮಿಷನರಿಗಳು ಯಾವಾಗಲೂ ಜೋಡಿಯಾಗಿರುತ್ತಾರೆ. ಇನ್ನೊಬ್ಬನನ್ನು ಇವರು 'ಕಂಪ್ಯಾನಿಯನ್' ಅನ್ನುತ್ತಾರೆ. ನಿಯಮ ಸರಳ: ಒಬ್ಬನಿಗೆ ಇನ್ನೊಬ್ಬ ಕಾಣುವಷ್ಟು, ಮಾತು ಕೇಳುವಷ್ಟು ಹತ್ತಿರದಲ್ಲೇ ಇರಬೇಕು. ಬಚ್ಚಲಿಗೆ ಹೋದಾಗ ಬಿಟ್ಟರೆ ಒಂಟಿಯಾಗಿರುವ ಸಮಯವೇ ಇಲ್ಲ. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬನೂ ಆ ದಿನ ಮನೆಯಲ್ಲೇ. ಒಬ್ಬ ಕೋಪ ಮಾಡಿಕೊಂಡು ಹೊರಗೆ ನಡೆದು ಹೋಗೋಣ ಅಂದರೆ ಇನ್ನೊಬ್ಬ ಹಿಂದೆಯೇ ಬರಬೇಕು.

ಈ ಜೊತೆಗಾರನನ್ನು ಇವರು ಆರಿಸಿಕೊಂಡಿರುವುದಿಲ್ಲ. ಆರಿಸುವವರು ಮಿಷನ್ ಪ್ರೆಸಿಡೆಂಟ್. ಜಗತ್ತಿನಲ್ಲಿ 400ಕ್ಕೂ ಹೆಚ್ಚು ಮಿಷನ್‌ಗಳಿವೆ. ಇಲ್ಲಿ ಮಿಷನ್ ಅಂದರೆ ಒಂದು ನಿರ್ದಿಷ್ಟ ಪ್ರದೇಶ. ಅದನ್ನು ನೋಡಿಕೊಳ್ಳುವುದು ನಡುವಯಸ್ಸು ದಾಟಿದ ದಂಪತಿ. ತಮ್ಮ ಕೆಲಸ, ವ್ಯಾಪಾರ ಬಿಟ್ಟು ಮೂರು ವರ್ಷಕ್ಕೆ ಬಂದಿರುತ್ತಾರೆ. ಹುಡುಗರ ಶಿಸ್ತು, ನೇಮಕ ಎಲ್ಲ ಪ್ರೆಸಿಡೆಂಟ್ ಕೈಯಲ್ಲಿ. ಹೊಟ್ಟೆನೋವು, ಹಲ್ಲುನೋವು ಅಂತ ಫೋನ್ ಹೋಗುವುದು ಸಾಮಾನ್ಯವಾಗಿ ಅವರ ಹೆಂಡತಿಗೆ.

ಸುಮಾರು ಆರು ವಾರಕ್ಕೊಮ್ಮೆ 'ಟ್ರಾನ್ಸ್‌ಫರ್' ಬರುತ್ತದೆ. ಕೆಲವರ ಊರು ಬದಲಾಗುತ್ತದೆ, ಕೆಲವರ ಜೊತೆಗಾರ, ಕೆಲವರಿಗೆ ಎರಡೂ. ಇರುವುದೆಲ್ಲ ಎರಡು ಸೂಟ್‌ಕೇಸಿನಲ್ಲಿ ಹಿಡಿಯಬೇಕು, ಯಾಕೆಂದರೆ ಯಾವಾಗ ಹೊರಡಬೇಕೋ ಗೊತ್ತಿಲ್ಲ. ಹೊಸಬನಿಗೆ ಮೊದಲ ಮೂರು ತಿಂಗಳು ಅನುಭವಿಯೊಬ್ಬ 'ಟ್ರೈನರ್' ಆಗಿರುತ್ತಾನೆ. ಅನುಭವಿ ಅಂದರೂ ಅವನಿಗೆ ಇಪ್ಪತ್ತು ವರ್ಷ ಇರಬಹುದು, ಅಷ್ಟೇ.

ಅಮೆರಿಕದ ಹುಡುಗನಿಗೆ ಜಪಾನಿನ ಹುಡುಗ ಜೊತೆಯಾಗಬಹುದು. ಒಬ್ಬನಿಗೆ ಮನಸ್ಸಿನಲ್ಲಿದ್ದದ್ದನ್ನು ಮುಖಕ್ಕೆ ಹೇಳಿ ಅಭ್ಯಾಸ, ಇನ್ನೊಬ್ಬನಿಗೆ ಹೇಳದೇ ತಿಳಿಸಿ ಅಭ್ಯಾಸ. ಒಬ್ಬ ಪಾತ್ರೆ ತೊಳೆಯದೆ ಬಿಡುತ್ತಾನೆ, ಇನ್ನೊಬ್ಬ ಸುಮ್ನೆ ತೊಳೆದಿಟ್ಟು ಒಳಗೊಳಗೇ ಕುದಿಯುತ್ತಾನೆ. ಇದಕ್ಕಾಗಿಯೇ ವಾರಕ್ಕೊಮ್ಮೆ ಇಬ್ಬರೂ ಎದುರುಬದುರು ಕೂತು, ನಮ್ಮಿಬ್ಬರ ನಡುವೆ ಏನಾದರೂ ಸರಿಯಿಲ್ಲವಾ ಅಂತ ಮಾತಾಡಿಕೊಳ್ಳುವ ಸಮಯವನ್ನು ವೇಳಾಪಟ್ಟಿಯಲ್ಲೇ ಇಟ್ಟಿದ್ದಾರೆ. ಇದು ನನಗೆ ಬಹಳ ಹಿಡಿಸಿದ ಸಂಗತಿ. ಮದುವೆಯಾದವರಿಗೂ ಇಂಥದ್ದೊಂದು ಏರ್ಪಾಡು ಇದ್ದರೆ ಎಷ್ಟೋ ಮನೆಗಳಲ್ಲಿ ಕೆಲಸಕ್ಕೆ ಬರುತ್ತಿತ್ತು.

ಯಾಕೆ ಜೋಡಿ? ಯೇಸು ತನ್ನ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದ ಅಂತ ಬೈಬಲ್‌ನಲ್ಲಿದೆ, ಅದು ಧರ್ಮದ ಕಾರಣ. ವ್ಯವಹಾರದ ಕಾರಣವೂ ಇದೆ. ಪರದೇಶದಲ್ಲಿ ಸುರಕ್ಷತೆ. ದಾರಿ ತಪ್ಪದಿರಲಿ ಅನ್ನುವ ಕಾವಲು. ಯಾರಾದರೂ ಆರೋಪ ಮಾಡಿದರೆ ಒಬ್ಬ ಸಾಕ್ಷಿ. ಒಂಟಿ ಹೆಂಗಸಿರುವ ಮನೆಗೆ ಹುಡುಗರ ಜೋಡಿಯಾಗಲಿ, ಒಂಟಿ ಗಂಡಸಿರುವ ಮನೆಗೆ ಹುಡುಗಿಯರ ಜೋಡಿಯಾಗಲಿ ಹಾಗೇ ಒಳಗೆ ಹೋಗುವಂತಿಲ್ಲ. ಇನ್ನೊಬ್ಬ ದೊಡ್ಡವರು ಜೊತೆಗಿರಬೇಕು.

ವಾರಕ್ಕೊಂದು ಬಿಡುವು

ವಾರದಲ್ಲಿ ಒಂದು ದಿನ, ಬಹಳ ಕಡೆ ಸೋಮವಾರ, 'ಪಿ-ಡೇ'. ತಯಾರಿಯ ದಿನ ಅಂತ ಅರ್ಥ. ಬಟ್ಟೆ ಒಗೆಯುವುದು, ಸಾಮಾನು ತರುವುದು, ಕ್ಷೌರ, ಸೈಕಲ್ ರಿಪೇರಿ. ಸಮಯ ಉಳಿದರೆ ಹತ್ತಿರದ ಕೋಟೆಯನ್ನೋ ಉದ್ಯಾನವನ್ನೋ ನೋಡಬಹುದು, ಬೇರೆ ಮಿಷನರಿಗಳ ಜೊತೆ ಬ್ಯಾಸ್ಕೆಟ್‌ಬಾಲ್ ಆಡಬಹುದು. ಸಂಜೆ ಆರರ ಹೊತ್ತಿಗೆ ಮತ್ತೆ ಟೈ ಕಟ್ಟಿ ಕೆಲಸಕ್ಕೆ.

ಮನೆಗೆ ಮಾತಾಡುವುದೂ ಆ ದಿನವೇ. ಇಲ್ಲೊಂದು ದೊಡ್ಡ ಬದಲಾವಣೆ ಆಗಿದೆ. 2019ರ ಫೆಬ್ರವರಿಯವರೆಗೆ ವಾರಕ್ಕೊಮ್ಮೆ ಇಮೇಲ್ ಮಾತ್ರ. ಅಪ್ಪ ಅಮ್ಮನ ದನಿ ಕೇಳುವುದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಒಮ್ಮೆ, ಅಮ್ಮಂದಿರ ದಿನಕ್ಕೆ ಒಮ್ಮೆ. ಈಗ ಪ್ರತಿ ವಾರ ವಿಡಿಯೋ ಕಾಲ್ ಮಾಡಬಹುದು. ಮನೆ ನೆನಪು ಜಾಸ್ತಿಯಾಗಿ ಕೆಲಸ ಕೆಡುತ್ತದೆ ಅನ್ನುವುದು ಹಳೆಯ ಯೋಚನೆಯಾಗಿತ್ತು. ಅಷ್ಟು ಚಿಕ್ಕ ವಯಸ್ಸಿನವರಿಗೆ ವಾರಕ್ಕೊಂದು ಸಲ ಅಮ್ಮನ ಮುಖ ಕಂಡರೆ ಧೈರ್ಯ ಬರುತ್ತದೆ ಅಂತಲೇ ನನಗೆ ಅನ್ನಿಸುತ್ತದೆ.

ದುಡ್ಡು ಎಲ್ಲಿಂದ?

ಸಂಬಳ ಇಲ್ಲ. ಅದರ ಬದಲು ಹೋಗುವವರೇ ದುಡ್ಡು ಕಟ್ಟಬೇಕು. ಅಮೆರಿಕ, ಜಪಾನ್‌ನಂಥ ಶ್ರೀಮಂತ ದೇಶಗಳಿಂದ ಹೋಗುವವರಿಗೆ 2020ರ ಜುಲೈಯಿಂದ ನಿಗದಿಯಾದ ಮೊತ್ತ ತಿಂಗಳಿಗೆ 500 ಡಾಲರ್. ಎರಡು ವರ್ಷಕ್ಕೆ 12 ಸಾವಿರ ಡಾಲರ್. ಟೋಕಿಯೋಗೆ ಹೋದರೂ ಅಷ್ಟೇ, ಪೆರುವಿಗೆ ಹೋದರೂ ಅಷ್ಟೇ. ಎಲ್ಲವೂ ಒಂದು ನಿಧಿಗೆ ಸೇರಿ, ಊರಿನ ಖರ್ಚಿಗೆ ತಕ್ಕಂತೆ ಹಂಚಿಕೆಯಾಗುತ್ತದೆ. ಚಿಕ್ಕಂದಿನಿಂದಲೇ ಮಿಷನ್‌ಗೆ ಅಂತ ಹುಂಡಿಯಲ್ಲಿ ಕೂಡಿಡುವ ಮಕ್ಕಳಿದ್ದಾರೆ. ಸಾಲದಿದ್ದರೆ ಮನೆಯವರು, ಊರಿನ ಸಭೆಯವರು ಸೇರಿಸುತ್ತಾರೆ. ಬಡ ದೇಶಗಳವರು ಕೈಲಾದಷ್ಟು ಕಟ್ಟುತ್ತಾರೆ, ಉಳಿದದ್ದು ಚರ್ಚಿನ ನಿಧಿಯಿಂದ. ಬಾಡಿಗೆಯನ್ನು ಮಿಷನ್ ಕಚೇರಿ ನೋಡಿಕೊಳ್ಳುತ್ತದೆ. ಊಟ, ಓಡಾಟಕ್ಕೆ ತಿಂಗಳಿಗಿಷ್ಟು ಅಂತ ಕಾರ್ಡಿಗೆ ಬರುತ್ತದೆ. ತಿಂಗಳ ಕೊನೆಯಲ್ಲಿ ನೂಡಲ್ಸೇ ಗತಿ ಆಗುವುದೂ ಉಂಟು.

ಜನ ಸೇರುತ್ತಾರಾ?

ಜಪಾನಿನ ಮಟ್ಟಿಗೆ ಉತ್ತರ: ಬಹಳ ನಿಧಾನವಾಗಿ. ಅಲ್ಲಿ ಎಲ್ಲ ಪಂಥಗಳ ಕ್ರೈಸ್ತರೂ ಸೇರಿ ಜನಸಂಖ್ಯೆಯ ಸುಮಾರು ಶೇ. 1 ಅಷ್ಟೇ. ಮೊದಲ ಮಾರ್ಮನ್ ಮಿಷನರಿಗಳು ಯೊಕೊಹಾಮಾ ಬಂದರಿನಲ್ಲಿ ಇಳಿದದ್ದು 1901ರ ಆಗಸ್ಟ್‌ನಲ್ಲಿ. ನಾಲ್ಕು ಜನರ ತಂಡ ಅದು. ಮುಂದಾಳು ಹೀಬರ್ ಗ್ರಾಂಟ್, ಮುಂದೆ ಅವರೇ ಚರ್ಚಿನ ಅಧ್ಯಕ್ಷರಾದರು. ತಂಡದ ಅತಿ ಕಿರಿಯ ಆಲ್ಮಾ ಟೇಲರ್‌ಗೆ ಆಗಷ್ಟೇ 19 ತುಂಬಿತ್ತು. ಆ ಹುಡುಗ ಜಪಾನಿನಲ್ಲಿ ಎಂಟು ವರ್ಷಕ್ಕೂ ಹೆಚ್ಚು ಉಳಿದ. ಭಾಷೆ ಕಲಿತು ಬುಕ್ ಆಫ್ ಮಾರ್ಮನ್ ಅನ್ನು ಜಪಾನಿ ಭಾಷೆಗೆ ಅನುವಾದ ಮಾಡಿದ. ಅದು 1909ರಲ್ಲಿ ಅಚ್ಚಾಯಿತು. ಇಷ್ಟು ದುಡಿದರೂ 1924ರಲ್ಲಿ ಮಿಷನ್ ಮುಚ್ಚುವವರೆಗೆ ದೀಕ್ಷಾಸ್ನಾನ ಪಡೆದವರ ಸಂಖ್ಯೆ ಇನ್ನೂರನ್ನೂ ಮುಟ್ಟಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ ಮತ್ತೆ ಶುರುಮಾಡಿದರು. ಟೋಕಿಯೋದ ದೇವಾಲಯ 1980ರಲ್ಲಿ ಆಯಿತು. ಇವತ್ತು ಅಲ್ಲಿ ಸುಮಾರು 1.3 ಲಕ್ಷ ಸದಸ್ಯರಿದ್ದಾರೆ ಅನ್ನುತ್ತದೆ ಚರ್ಚ್. ಪುಸ್ತಕದಲ್ಲಿ ಹೆಸರಿದ್ದವರೆಲ್ಲ ಭಾನುವಾರ ಸಭೆಗೆ ಬರುತ್ತಾರೆ ಅಂತ ಅರ್ಥವಲ್ಲ.

ಸೇರುವುದೂ ಅಷ್ಟು ಸುಲಭವಲ್ಲ. ಹಲವು ಪಾಠ ಕೇಳಬೇಕು, ಭಾನುವಾರದ ಸಭೆಗೆ ಬರಬೇಕು. ಟೀ, ಕಾಫಿ, ಮದ್ಯ, ತಂಬಾಕು ಬಿಡಬೇಕು. ಆದಾಯದಲ್ಲಿ ಹತ್ತನೇ ಒಂದು ಭಾಗ ಕೊಡಲು ಒಪ್ಪಬೇಕು. ಇವೆಲ್ಲ ಆದ ಮೇಲೆ ಸಂದರ್ಶನ, ಆಮೇಲೆ ನೀರಿನಲ್ಲಿ ಪೂರ್ತಿ ಮುಳುಗಿಸಿ ದೀಕ್ಷಾಸ್ನಾನ. ಎರಡು ವರ್ಷ ದುಡಿದು, ಒಬ್ಬಿಬ್ಬರಿಗೆ ಮಾತ್ರ ದೀಕ್ಷೆ ಕೊಟ್ಟು ಮನೆಗೆ ಹೋಗುವ ಮಿಷನರಿಗಳಿದ್ದಾರೆ. ಒಬ್ಬರೂ ಸಿಗದೆ ಹೋದವರೂ ಇದ್ದಾರೆ. ಅದೇ ಹೊತ್ತಿಗೆ ಬೇರೊಂದು ದೇಶದಲ್ಲಿರುವ ಅವರ ಗೆಳೆಯ ಪ್ರತಿ ತಿಂಗಳೂ ದೀಕ್ಷೆಯ ಸುದ್ದಿ ಬರೆಯುತ್ತಿರಬಹುದು. ಊರನ್ನು ತಾವು ಆರಿಸಿಕೊಳ್ಳಲಿಲ್ಲ ಅನ್ನುವುದು ಆಗ ಚೆನ್ನಾಗಿಯೇ ನೆನಪಾಗುತ್ತದೆ.

ಮುಗಿದ ಮೇಲೆ

ಎಲ್ಲರೂ ಪೂರ್ತಿ ಮುಗಿಸುವುದಿಲ್ಲ. ಆರೋಗ್ಯ ಕೆಟ್ಟು, ಮನಸ್ಸು ಕುಸಿದು, ಅಥವಾ ನಂಬಿಕೆಯೇ ಅಲುಗಾಡಿ ಅರ್ಧಕ್ಕೆ ವಾಪಸ್ ಬರುವವರಿದ್ದಾರೆ. ಎಲ್ಲರೂ ಮಿಷನ್ ಮುಗಿಸಿದ ಊರಿನಲ್ಲಿ ಅರ್ಧಕ್ಕೆ ಬಂದವನು ತಲೆ ಎತ್ತಿ ಓಡಾಡುವುದು ಕಷ್ಟ. ಈಗೀಗ ಇದರ ಬಗ್ಗೆ ಮುಕ್ತವಾಗಿ ಮಾತಾಡುತ್ತಿದ್ದಾರೆ, ಮನಸ್ಸಿನ ತೊಂದರೆಗೆ ಸಲಹೆಗಾರರ ಏರ್ಪಾಡಿದೆ. ಪರವೂರಿಗೆ ಹೋಗಲಾಗದವರು ಮನೆಯಲ್ಲೇ ಇದ್ದು ಸಮಾಜಸೇವೆ ಮಾಡುವ ಇನ್ನೊಂದು ಬಗೆಯ ಮಿಷನ್ ಕೂಡ ಇದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗಲಂತೂ ಪರದೇಶಗಳಲ್ಲಿದ್ದ ಸಾವಿರಾರು ಮಿಷನರಿಗಳನ್ನು ಕೆಲವೇ ವಾರಗಳಲ್ಲಿ ತಮ್ಮ ತಮ್ಮ ದೇಶಕ್ಕೆ ಕರೆಸಿಕೊಂಡರು.

ಮುಗಿಸಿದವರು ಕಾಲೇಜಿಗೆ ಸೇರುತ್ತಾರೆ, ಕೆಲಸ ಹುಡುಕುತ್ತಾರೆ, ಮದುವೆಯಾಗುತ್ತಾರೆ. ಜೊತೆಗೆ ಉಳಿಯುವುದು ಭಾಷೆ. 2012ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ ಮಿಟ್ ರೋಮ್ನಿ ಫ್ರಾನ್ಸಿನಲ್ಲಿ ಮಿಷನರಿಯಾಗಿದ್ದವರು. ಚೀನಾದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಜಾನ್ ಹಂಟ್ಸ್‌ಮನ್ ಚೀನೀ ಭಾಷೆ ಕಲಿತದ್ದು ತೈವಾನಿನಲ್ಲಿ ಮಿಷನರಿಯಾಗಿದ್ದಾಗ. ಜಪಾನಿಗೆ ಹುಡುಗನಾಗಿ ಮಿಷನ್ ಮೇಲೆ ಬಂದ ಕೆಂಟ್ ಗಿಲ್ಬರ್ಟ್ ಆಮೇಲೆ ವಕೀಲರಾಗಿ ಅಲ್ಲಿಗೇ ಮರಳಿ, ಜಪಾನಿ ಟಿವಿಯಲ್ಲಿ ಮನೆಮಾತಾದರು.

ನಿಮ್ಮ ಮನೆಗೆ ಬಂದರೆ?

ಬೆಂಗಳೂರಿನಲ್ಲಿ ಈ ಚರ್ಚಿನ ಮಿಷನ್ ಕಚೇರಿ ಶುರುವಾದದ್ದು 1993ರಲ್ಲಿ. ಅಮೆರಿಕದಲ್ಲಾಗಲಿ ಇಲ್ಲಾಗಲಿ, ಇವರನ್ನು ಮಾತಾಡಿಸುವುದು ಬಿಡುವುದು ನಿಮ್ಮ ಇಷ್ಟ. ಆಸಕ್ತಿ ಇಲ್ಲ ಅಂತ ನೇರವಾಗಿ ಹೇಳಿದರೆ ಸಾಕು, ಆಮೇಲೆ ನೋಡೋಣ ಅಂತ ಸುಮ್ನೆ ಹೇಳಿ ಮತ್ತೆ ಮತ್ತೆ ಬರುವ ಹಾಗೆ ಮಾಡುವುದಕ್ಕಿಂತ ಅದು ಅವರಿಗೂ ಒಳ್ಳೆಯದು. ಒಳಗೆ ಕರೆದು ಕೂರಿಸಿದರೆ ಕಾಫಿ ಟೀ ಮುಂದಿಡಬೇಡಿ. ಮಜ್ಜಿಗೆ, ಪಾನಕ, ಎಳನೀರು ಯಾವುದಕ್ಕೂ ಅಡ್ಡಿಯಿಲ್ಲ. ಇಬ್ಬರಿಗೂ ಕೊಡಿ, ಊರು ಯಾವುದು ಅಂತ ಕೇಳಿ. ಅದಕ್ಕೆ ಉತ್ತರ ಹೇಳುವುದು ಅವರಿಗೆ ಬಹಳ ಇಷ್ಟ.